‘ಬಾಯ್’ ಎಂಬುದನ್ನು ತಮ್ಮಾ ಎಂದು ಓದಿದ್ದು

ಮಾರ್ಚ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಶೆಫೀಲ್ಡಿನ ನನ್ನ ಮನೆ. ಹಾಜರಿದ್ದವರು ಮೂವರು: ನಾನು, ಡಿಡ್ಸ್‌ಬರಿಯಿಂದ ಕಾರಿನಲ್ಲಿ ಬಂದ ನನ್ನ ಮಗಳು, ಅವಳ ಹತ್ತು ವರ್ಷದ ಮಗಳು. ಮುಂದಿನ ಕೋಣೆಯ ಮೇಜಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ. ಅದರಲ್ಲಿ ಎರಡನೇ ಮಹಾಯುದ್ಧದ ಕಾಲದ ಮಕ್ಕಳ ಕಾಮಿಕ್ಸ್, ಮೂವತ್ತೊಂದು ಸಂಚಿಕೆ.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ವರದಿಯನ್ನು ಹೀಗೆ ಶುರುಮಾಡಬೇಕೆಂದು ಮಂಗಳೂರಿನ ನರ್ಸಿಂಗ್ ಶಾಲೆಯಲ್ಲಿ ನಮಗೆ ಕಲಿಸಿದ್ದರು. ದಿನ, ಗಂಟೆ, ಯಾರಿದ್ದರು, ಏನಾಯಿತು. ನಮಗೆ ಏನನ್ನಿಸಿತು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಕೆಲಸದಲ್ಲಿದ್ದಷ್ಟು ವರ್ಷವೂ ನಾನು ಹಾಗೆಯೇ ಬರೆದೆ. ಇಲ್ಲಿ ಆ ನಿಯಮ ಸ್ವಲ್ಪ ಸಡಿಲವಾಗುತ್ತದೆ, ಯಾಕೆಂದರೆ ಆ ವಾರದ ಬುಧವಾರದಿಂದ ಶನಿವಾರದವರೆಗೆ ನಾನು ಒಂದು ಕಡೆ ಕೂತವಳಲ್ಲ.

ಬುಧವಾರ ಸಂಜೆ ಮಗಳು ಫೋನು ಮಾಡಿದ್ದಳು. ಅವಳು ಜಿಪಿ, ಅಂದರೆ ಇಲ್ಲಿಯ ಕುಟುಂಬ ವೈದ್ಯೆ. ರೋಗಿಗಳನ್ನು ನೋಡಿ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಕಾರಿನಿಂದಲೇ ನನ್ನೊಡನೆ ಮಾತಾಡುವುದು ಅವಳ ಕ್ರಮ. ಮೊಮ್ಮಗಳ ತರಗತಿಯಲ್ಲಿ ಯುದ್ಧಕಾಲದ ಪಾಠ ನಡೆಯುತ್ತಿದೆ, ಸೋಮವಾರ ಪ್ರತಿ ಮಗುವೂ ಮನೆಯಿಂದ ಒಂದು ವಸ್ತು ತಂದು ಅದರ ಬಗ್ಗೆ ಮೂರು ನಿಮಿಷ ಮಾತಾಡಬೇಕು ಎಂದಳು. ಬೇರೆ ಮಕ್ಕಳು ಮುತ್ತಜ್ಜನ ಪದಕ, ರೇಷನ್ ಪುಸ್ತಕ ತರುತ್ತಾರಂತೆ. ನಮ್ಮವಳು ಕಾಮಿಕ್ಸ್ ಒಯ್ಯುತ್ತಾಳಂತೆ. ಐವರು ಮಕ್ಕಳು ಸೇರಿ ಶತ್ರುಗಳ ಜಲಾಂತರ್ಗಾಮಿ ಹಿಡಿಯುವ ಕತೆ. ಆ ಐವರಲ್ಲಿ ಒಬ್ಬ ನಮ್ಮ ಬಣ್ಣದ ಹುಡುಗ, ನಾಯಕನ ತಮ್ಮ. ಅವಳ ಅಮ್ಮ ಚಿಕ್ಕವಳಿದ್ದಾಗ ಅಜ್ಜಿಯಾದ ನಾನು ದಿನಾ ಓದಿ ಹೇಳುತ್ತಿದ್ದ ಕತೆ. ಆ ಕಾಲದಲ್ಲೇ ಇಂಗ್ಲಿಷ್ ಕಾಮಿಕ್ಸಿನಲ್ಲಿ ಕಂದು ಬಣ್ಣದ ಹುಡುಗನೊಬ್ಬ ಎಲ್ಲರಿಗಿಂತ ಧೈರ್ಯವಂತನಾಗಿದ್ದ ಎಂದು ಮೊಮ್ಮಗಳು ಕಾರ್ಡಿನಲ್ಲಿ ಬರೆದೂ ಇಟ್ಟಿದ್ದಾಳಂತೆ.

“ಆ ಪೆಟ್ಟಿಗೆ ಇನ್ನೂ ಅಟ್ಟದಲ್ಲಿದೆ ಅಲ್ವಾ ಅಮ್ಮ?” ಎಂದಳು ಮಗಳು.

ಇದೆ ಎಂದೆ. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಫೋನು ಇಟ್ಟ ಮೇಲೆ ಒಗೆದು ಮಡಚಿದ್ದ ಬಟ್ಟೆಗಳನ್ನು ಬಿಚ್ಚಿ ಇನ್ನೊಮ್ಮೆ ಮಡಚಿದೆ.

ಆ ಕಾಮಿಕ್ಸಿನಲ್ಲಿ ತಮ್ಮ ಇಲ್ಲ. ಇರುವವನು ಸಾಮಾನು ಹೊರುವ ಆಳು. ತಲೆಗಿಂತ ದೊಡ್ಡ ಮುಂಡಾಸು, ಬಟ್ಟಲಿನಷ್ಟು ಅಗಲದ ಕಣ್ಣು, ದಪ್ಪ ತುಟಿ. ನಾಲ್ವರು ಬಿಳಿ ಮಕ್ಕಳಿಗೂ ಹೆಸರುಂಟು, ಅವನಿಗಿಲ್ಲ. ನಾಯಕ ಅವನನ್ನು ‘ಬಾಯ್’ ಎಂದು ಕರೆಯುತ್ತಾನೆ. ಅವನು ನಾಯಕನನ್ನು ‘ಲಿಟ್ಲ್ ಮಾಸ್ಟರ್’, ಅಂದರೆ ಚಿಕ್ಕ ಧಣಿ, ಎನ್ನುತ್ತಾನೆ. ‘ಮಿ ಕ್ಯಾರಿ, ಲಿಟ್ಲ್ ಮಾಸ್ಟರ್’ ಎನ್ನುವುದು ಪುಟಕ್ಕೊಮ್ಮೆಯಾದರೂ ಬರುತ್ತದೆ. ಗುಂಡು ಹಾರಿದ ಕೂಡಲೇ ಅವನು ಪೀಪಾಯಿಯೊಳಗೆ ಅಡಗುತ್ತಾನೆ, ಉಳಿದ ನಾಲ್ವರು ನಗುತ್ತಾರೆ.

ಈ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ಒಬ್ಬ ರೋಗಿಯಿಂದ. ಸೊಂಟದ ಮೂಳೆ ಮುರಿದು ನಮ್ಮ ಗಂಡಸರ ವಾರ್ಡಿನಲ್ಲಿ ಏಳು ವಾರ ಮಲಗಿದ್ದವರು. ಚಹಾದ ಜೊತೆ ಕೊಡುವ ಬಿಸ್ಕತ್ತನ್ನು ತಾವು ತಿನ್ನದೆ ನನ್ನ ಮಗಳಿಗೆಂದು ಕರವಸ್ತ್ರದಲ್ಲಿ ಕಟ್ಟಿಡುತ್ತಿದ್ದರು. ಮನೆಗೆ ಹೋಗುವ ದಿನ ಅವರ ಹೆಂಡತಿ ಈ ಪೆಟ್ಟಿಗೆ ತಂದುಕೊಟ್ಟರು. ಇವರು ಹುಡುಗನಾಗಿದ್ದಾಗ ಜೋಪಾನ ಮಾಡಿದ್ದು, ನಿನ್ನ ಪುಟ್ಟ ಹುಡುಗಿಗಿರಲಿ ಎಂದರು. ಅದರಲ್ಲಿ ನಮಗೆ ನೋಯುವಂಥದ್ದು ಏನಾದರೂ ಇದೆಯೆಂದು ಆ ಇಬ್ಬರಿಗೂ ಹೊಳೆದಿರಲಿಲ್ಲ. ನನಗೂ ಹೊಳೆಯಲಿಲ್ಲ.

ಆಗ ಮಗಳಿಗೆ ನಾಲ್ಕು ವರ್ಷ. ನಾನು ಬೆಳಗಿನ ಪಾಳಿ ಮುಗಿಸಿ ಅವಳನ್ನು ಕರೆದುಕೊಂಡು ಮನೆ ಸೇರುವಾಗ ನಾಲ್ಕು ಗಂಟೆ. ನಾಲ್ಕೂಕಾಲಿನಿಂದ ನಾಲ್ಕೂಮುಕ್ಕಾಲಿನವರೆಗೆ ಓದು. ನಮ್ಮ ಮನೆಮಾತು ತುಳು. ಆದರೆ ಓದು ಎಂದರೆ ಕನ್ನಡ, ನಾವು ಶಾಲೆಯಲ್ಲಿ ಕಲಿತದ್ದು ಹಾಗೆ. ಅಚ್ಚಾದ ಅಕ್ಷರ ಕಂಡರೆ ಅದು ಯಾವ ಭಾಷೆಯದಾದರೂ ನನ್ನ ಬಾಯಿಗೆ ಕನ್ನಡವೇ ಬರುತ್ತದೆ. ಹಾಗಾಗಿ ಇಂಗ್ಲಿಷನ್ನು ನೋಡುತ್ತ ಕನ್ನಡದಲ್ಲಿ ಓದಿದೆ. ‘ಬಾಯ್’ ಎಂದು ಬಂದಲ್ಲಿ ‘ತಮ್ಮಾ’ ಎಂದೆ. ನಮ್ಮ ಕಡೆ ಬಸ್ಸಿನಲ್ಲಿ, ಅಂಗಡಿಯಲ್ಲಿ, ಹೆಸರು ಗೊತ್ತಿಲ್ಲದ ಹುಡುಗನನ್ನು ಕನ್ನಡದಲ್ಲಿ ಇನ್ನು ಹೇಗೆ ಕರೆಯುತ್ತಾರೆ? ಚಿಕ್ಕವನನ್ನು ದೊಡ್ಡವನು ತಮ್ಮಾ ಎಂದ ಮೇಲೆ, ದೊಡ್ಡವನನ್ನು ಚಿಕ್ಕವನು ಅಣ್ಣಾ ಎನ್ನಬೇಕು. ‘ಲಿಟ್ಲ್ ಮಾಸ್ಟರ್’ ಅಣ್ಣನಾದದ್ದು ಹೀಗೆ.

ಆ ಹುಡುಗನ ಹರಕು ಇಂಗ್ಲಿಷ್ ನನಗೆ ಹರಕೆಂದು ತಿಳಿಯಲೇ ಇಲ್ಲ. ಅದಕ್ಕೆ ಕಾರಣ ಈ ಊರು. ನಮ್ಮ ವಾರ್ಡಿನ ರೋಗಿಗಳೆಲ್ಲ ‘ಮೈ’ ಎನ್ನಬೇಕಾದಲ್ಲಿ ‘ಮಿ’ ಎನ್ನುವವರು. ಮಿ ಲೆಗ್, ಮಿ ಟೀ, ಮಿ ಮಿಸೆಸ್. ಪುಸ್ತಕದ ಇಂಗ್ಲಿಷ್ ಕಲಿತು ಬಂದಿದ್ದ ನಾನು ಮೊದಲ ಆರು ತಿಂಗಳು ಆ ‘ಮಿ’ ಜೊತೆ ಗುದ್ದಾಡಿದ್ದೆ. ಕಾಮಿಕ್ಸಿನ ಹುಡುಗ ‘ಮಿ ಕ್ಯಾರಿ’ ಎಂದಾಗ, ಇವನೂ ನಮ್ಮ ಈ ಯಾರ್ಕ್‌ಶೈರಿನವನೇ ಇರಬೇಕು ಎಂದುಕೊಂಡೆ. ನಾಯಕ ನಮ್ಮ ಆಸ್ಪತ್ರೆಯ ದೊಡ್ಡ ಡಾಕ್ಟರರಂತೆ ಮಾತಾಡುತ್ತಿದ್ದ, ಇವನು ನಮ್ಮ ರೋಗಿಗಳಂತೆ. ನಾನು ಇವನ ಪಕ್ಷ ವಹಿಸಿದೆ. ಪೀಪಾಯಿಯೊಳಗೆ ಅಡಗಿದ್ದನ್ನು ಹೊಂಚುಹಾಕಿ ಕೂತದ್ದು ಎಂದು ಓದಿದೆ. ಆ ಕಣ್ಣುಗಳೇನು ಹಾಗೆ ಎಂದು ಮಗಳು ಕೇಳಿದರೆ, ಕಾಡಿಗೆ ಹಚ್ಚಿದ್ದಾರೆ, ನಿನಗೂ ಹಚ್ಚುತ್ತಿರಲಿಲ್ಲವಾ ಎಂದೆ.

ನನ್ನ ತಪ್ಪು ನನಗೆ ಗೊತ್ತಾದದ್ದು ವಾರ್ಡಿನಲ್ಲಿ. ಜಮೈಕಾದಿಂದ ಬಂದ ಪೋರ್ಟರ್ ಒಬ್ಬರಿದ್ದರು, ಐವತ್ತು ದಾಟಿದವರು, ರೋಗಿಗಳನ್ನು ಎಕ್ಸ್‌ರೇಗೆ ಕರೆದೊಯ್ಯುವ ಕೆಲಸ. ಮೂವತ್ತು ವರ್ಷದ ರೋಗಿಯೊಬ್ಬ ಅವರಿಗೆ ‘ಬಾಯ್’ ಎಂದ. ನಾನು ಪಕ್ಕದಲ್ಲೇ ಇದ್ದೆ. ಪೋರ್ಟರ್ ಟ್ರಾಲಿಯ ಬ್ರೇಕನ್ನು ಕಾಲಿನಿಂದ ಒತ್ತಿದರು, ಒಂದು ಕ್ಷಣ ನಿಂತರು, ಬ್ರೇಕು ತೆಗೆದು ಮುಂದೆ ಹೋದರು. ಆಮೇಲೆ ಹೊದಿಕೆಗಳನ್ನಿಡುವ ಲಿನನ್ ಕೋಣೆಯಲ್ಲಿ ಸಿಕ್ಕಾಗ, ಆ ರೋಗಿ ಹೇಳಿದ್ದರಲ್ಲಿ ತಪ್ಪೇನು ಎಂದು ಅವರನ್ನು ಕೇಳಿದೆ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ತಮಗೆ ಮೂವರು ಮೊಮ್ಮಕ್ಕಳಿದ್ದಾರೆ ಎಂದರು, ಎಷ್ಟೇ ವಯಸ್ಸಾದ ಕರಿಯ ಆಳನ್ನೂ ಬಿಳಿಯ ಧಣಿಗಳು ಕರೆಯುತ್ತ ಬಂದದ್ದು ಆ ಮಾತಿನಿಂದಲೇ ಎಂದು ಎರಡು ವಾಕ್ಯದಲ್ಲಿ ತಿಳಿಸಿದರು, ಹೊದಿಕೆ ಎಣಿಸಿಕೊಂಡು ಹೋದರು.

ಮರುದಿನ ನಾಲ್ಕೂಕಾಲಿಗೆ ಕಾಮಿಕ್ಸ್ ತೆರೆದಾಗ ಆ ಶಬ್ದ ಸಾಲುಸಾಲಾಗಿ ಕಂಡಿತು. ಉಳಿದದ್ದೂ ಕಂಡಿತು. ಮಗಳು ನನ್ನ ತೊಡೆಗೆ ಒರಗಿ ಕೂತಿದ್ದಳು. ಅವಳ ತರಗತಿಯಲ್ಲಿ ಅವಳ ಬಣ್ಣದವರು ಇನ್ನೊಬ್ಬರಿರಲಿಲ್ಲ. ಚಿತ್ರದ ಹುಡುಗನ ಮೇಲೆ ಬೆರಳಿಟ್ಟು, ತಮ್ಮ ನನ್ನ ಹಾಗೇ ಇದ್ದಾನೆ ಎಂದು ಹಿಂದಿನ ವಾರವಷ್ಟೇ ಹೇಳಿದ್ದಳು. ನಾನು ತಮ್ಮಾ ಎಂದೇ ಓದಿದೆ. ಅಂದಿನಿಂದ ಅದು ತಪ್ಪಾಗಿ ಉಳಿಯಲಿಲ್ಲ, ಗೊತ್ತಿದ್ದು ಮಾಡಿದ ಕೆಲಸವಾಯಿತು. ಒಂದೂವರೆ ವರ್ಷ ಮಾಡಿದೆ. ಅವಳು ಅಕ್ಷರ ಕೂಡಿಸಿ ಇಂಗ್ಲಿಷ್ ಓದಲು ಶುರುಮಾಡಿದ ವಾರ ಕತೆ ಮುಗಿಯಿತು ಎಂದು ಹೇಳಿ ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದೆ.

ಮಗಳ ಫೋನು ಬಂದ ಮರುದಿನ, ಗುರುವಾರ ಬೆಳಿಗ್ಗೆ, ಏಣಿ ಹಾಕಿ ಅದನ್ನು ಇಳಿಸಿದೆ. ಏಣಿ ಹತ್ತಬಾರದು ಎಂದು ಮಗಳ ಅಪ್ಪಣೆಯಿದೆ. ಮೂವತ್ತೊಂದನ್ನೂ ಓದಿದೆ. ನೆನಪಿನಲ್ಲಿದ್ದದ್ದಕ್ಕಿಂತ ಕೆಟ್ಟದಾಗಿತ್ತು. ಹತ್ತು ನಿಮಿಷ ಓದುವುದು, ಎದ್ದು ಕಿಟಕಿಯ ಗಾಜು ಒರೆಸುವುದು, ಮತ್ತೆ ಓದುವುದು. ಶುಕ್ರವಾರ ಮೆಟ್ಟಿಲಿನ ಧೂಳನ್ನು ಎರಡು ಸಲ ಹೂವರ್ ಯಂತ್ರದಿಂದ ತೆಗೆದೆ. ಒಂದು ಸಂಚಿಕೆಯ ಮುಖಪುಟದಲ್ಲಿ ಐವರೂ ದೋಣಿಯಲ್ಲಿದ್ದರು, ಮಾತು ಒಂದೂ ಇರಲಿಲ್ಲ. ಆ ಪುಟವೊಂದನ್ನೇ ಕೊಟ್ಟು ಉಳಿದದ್ದು ಒದ್ದೆಯಾಗಿ ಹೋಯಿತು ಎಂದುಬಿಡಲೇ ಎಂದು ಯೋಚಿಸಿದೆ. ಪುಟವನ್ನು ಬೇರೆ ತೆಗೆದೂ ಇಟ್ಟೆ. ಊಟದ ನಂತರ ಅದನ್ನು ತಿರುಗಿ ಪೆಟ್ಟಿಗೆಗೆ ಹಾಕಿದೆ. ಮಗು ಸೋಮವಾರ ಮೂವತ್ತು ಮಕ್ಕಳ ಮುಂದೆ ನಿಂತು ಇಲ್ಲದ್ದನ್ನು ಇದೆ ಎಂದು ಹೇಳುತ್ತಾಳೆ, ಯಾರಾದರೊಬ್ಬರ ತಾತನ ಮನೆಯಲ್ಲಿ ಇದೇ ಕಾಮಿಕ್ಸ್ ಇರುತ್ತದೆ, ಆಗ? ಅದಕ್ಕೆ ಮೊದಲು ನಾನೇ ಹೇಳಬೇಕು. ಕ್ರಮವನ್ನೂ ಗೊತ್ತುಮಾಡಿಕೊಂಡೆ. ಮೊದಲು ಚಹಾ, ಆಮೇಲೆ ಅಡಿಗೆಮನೆಯಲ್ಲಿ ಮಗಳಿಗೆ ವಿಷಯ, ಕೊನೆಗೆ ಪೆಟ್ಟಿಗೆ.

ಶನಿವಾರ ಆ ಕ್ರಮ ಐದು ನಿಮಿಷವೂ ನಿಲ್ಲಲಿಲ್ಲ. ಮೊಮ್ಮಗಳು ಕೋಟು ತೆಗೆಯದೆ ನೇರವಾಗಿ ಮುಂದಿನ ಕೋಣೆಗೆ ಹೋದಳು. ಅವಳ ಅಪ್ಪ ಬೆಂಗಳೂರಿನವನು, ಹಾಗಾಗಿ ಅವಳೆದುರು ನಾವು ತುಳು ಬಿಟ್ಟು ಕನ್ನಡ ಆಡುತ್ತೇವೆ. ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಕೆಟಲಿಗೆ ನೀರು ಹಿಡಿಯುತ್ತ ಮಗಳಿಗೆ ಹೇಳಿದೆ.

“ನಿನ್ನ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು.”

“ಏನು, ಬಿಪಿನಾ? ಏಣಿ ಹತ್ತಿದ್ದು ಗೊತ್ತಾಯ್ತು, ಮೇಲೆ ಹಾಗೇ ನಿಂತಿದೆ.”

ಅಷ್ಟರಲ್ಲಿ ಮುಂದಿನ ಕೋಣೆಯಿಂದ ಮಗುವಿನ ದನಿ ಬಂತು. “ಅಜ್ಜಿ, ವೇರ್ ಈಸ್ ತಮ್ಮ?”

ನಾವು ಹೋದಾಗ ಅವಳು ನಾಲ್ಕು ಸಂಚಿಕೆಗಳನ್ನು ನೆಲದಲ್ಲಿ ಹರಡಿಕೊಂಡು ಕೂತಿದ್ದಳು. ತಮ್ಮ ಎಂದರೇನೆಂದು ಗೊತ್ತಿದ್ದರೂ ಕತೆಯಲ್ಲಿ ಅದೇ ಹುಡುಗನ ಹೆಸರೂ ಎಂದು ಅವಳ ಲೆಕ್ಕ. ಟಿ ಅಕ್ಷರದಿಂದ ಶುರುವಾಗುವ ಹೆಸರನ್ನು ಹುಡುಕುತ್ತಿದ್ದಳು. ಸಿಗುತ್ತಿಲ್ಲ ಎಂದಳು. ನಾಟಕದಲ್ಲಿ ಪಾತ್ರ ಮಾಡುವ ಮಗು, ಓದುವುದೂ ದನಿ ಬದಲಿಸಿ. ನಾಯಕನ ಮಾತನ್ನು ಗತ್ತಿನಿಂದ ಓದಿದಳು. ‘ಮಿ ಕ್ಯಾರಿ, ಲಿಟ್ಲ್ ಮಾಸ್ಟರ್’ ಎಂಬಲ್ಲಿಗೆ ಬಂದಾಗ ಯಾವ ದನಿ ತರಬೇಕೆಂದು ತಿಳಿಯದೆ ಅವಳ ಓದು ನಿಂತಿತು. ಚಿತ್ರವನ್ನು ನೋಡಿದಳು, ಅಮ್ಮನನ್ನು ನೋಡಿದಳು.

ಮಗಳು ಆ ಸಂಚಿಕೆಯನ್ನು ತೆಗೆದುಕೊಂಡು ನಿಂತೇ ಓದಿದಳು. ಪುಟ ಮಗುಚಿದಳು. ಇನ್ನೊಂದು ಸಂಚಿಕೆ ತೆಗೆದಳು.

“ಅಮ್ಮ, ನಿಮಗೆ ಗೊತ್ತಿತ್ತಾ?”

“ಮೊದಲು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾಯ್ತು.”

“ಆಮೇಲೆ ಅಂದ್ರೆ ಯಾವಾಗ?”

ಪೋರ್ಟರ್ ವಿಷಯ ಹೇಳಿದೆ. ಮರುದಿನದ ನಾಲ್ಕೂಕಾಲಿನ ಓದಿನ ವಿಷಯ ಹೇಳಿದೆ. ಅದನ್ನು ಹೇಳುವಾಗ ಸುಮ್ಮನೆ ನಿಲ್ಲಲಾಗದೆ ನೆಲದ ಮೇಲಿದ್ದ ಸಂಚಿಕೆಗಳನ್ನು ಜೋಡಿಸತೊಡಗಿದ್ದೆ. ಮಗಳು ನನ್ನ ಕೈಯಿಂದ ಅವನ್ನು ತೆಗೆದು ಸೋಫಾದ ಮೇಲಿಟ್ಟಳು.

ಅವಳು ಆಮೇಲೆ ಹೇಳಿದ್ದು ನನಗೆ ಗೊತ್ತಿಲ್ಲದ ಸಂಗತಿ. ಐದೂವರೆ ವರ್ಷದವಳಿದ್ದಾಗ ಅವಳು ಶಾಲೆಯ ಅಂಗಳದಲ್ಲಿ ತಮ್ಮನ ಕತೆ ಹೇಳಿದ್ದಳಂತೆ. ಒಬ್ಬ ಹುಡುಗ, ನಮ್ಮ ಮನೆಯಲ್ಲೂ ಅದು ಇದೆ, ಅವನು ಬರೀ ಆಳು ಎಂದನಂತೆ. ಮರುದಿನ ಒಂದು ಸಂಚಿಕೆ ತಂದು ಎಲ್ಲರ ಮುಂದೆ ಓದಿಯೂ ತೋರಿಸಿದನಂತೆ. ಆ ವಾರವೆಲ್ಲ ಅಂಗಳದಲ್ಲಿ ಅವಳಿಗೆ ‘ಮಿ ಕ್ಯಾರಿ’ ಎಂದೇ ಹೆಸರು. ಅದರಲ್ಲೇ ಒಂದು ದಿನ ಮೊಣಕಾಲು ತರಚಿಕೊಂಡು ಬಂದಾಗ ನಾನು ಡೆಟಾಲಿನಿಂದ ತೊಳೆದು, ಓಡುವಾಗ ಕೆಳಗೆ ನೋಡಬೇಕು ಎಂದಿದ್ದೆನಂತೆ. ನನಗೆ ನೆನಪಿಲ್ಲ. ಹಾಗೆ ಹೇಳಿರುತ್ತೇನೆ.

“ಅವನಿಗೆ ಓದೋಕೆ ಬರಲ್ಲ ಅಂದೆ ನಾನು,” ಎಂದಳು ಮಗಳು. “ನಮ್ಮಮ್ಮ ಸರಿಯಾಗಿ ಓದ್ತಾರೆ ಅಂದೆ.”

“ಮನೆಗೆ ಬಂದು ನನ್ನನ್ನು ಕೇಳ್ಬಹುದಿತ್ತು.”

“ಕೇಳಿದ್ರೆ ನೀವು ಓದೋದು ನಿಲ್ಲಿಸ್ತಿದ್ರಿ.”

 ಅವಳನ್ನು ನೋಯಿಸಬಾರದೆಂದು ನಾನು ಬದಲಿಸಿ ಓದಿದ್ದು ಅವಳನ್ನು ಒಬ್ಬಂಟಿಯಾಗಿ ಅಂಗಳದಲ್ಲಿ ನಿಲ್ಲಿಸಿತ್ತು. ಈಗ ಅವಳ ಮಗಳನ್ನು ತರಗತಿಯಲ್ಲಿ ನಿಲ್ಲಿಸುವುದರಲ್ಲಿತ್ತು. ಹಾಗಾದರೆ ಮಗುವಿಗೆ ಯಾಕೆ ಅದೇ ಕತೆ ಹೇಳಿದೆ ಎಂದು ಕೇಳಿದೆ. ನೆನಪಿರುವುದು ಅದೇ ಎಂದಳು. ಆ ಹುಡುಗ ಓದಿದ್ದು ತನ್ನ ತಲೆಯಲ್ಲಿ ಉಳಿಯಲೇ ಇಲ್ಲ, ಉಳಿದದ್ದು ನಾನು ಓದಿದ್ದು.

ಪುಟ ಮಗುಚುತ್ತಿದ್ದ ಮಗಳ ಕೈ ಒಂದು ಕಡೆ ನಿಂತಿತು. ಜಪಾನಿ ಸೈನಿಕರ ಚಿತ್ರ. ಹಳದಿ ಬಳಿದ ಮುಖ, ಉದ್ದ ಹಲ್ಲು, ಕೋತಿಯ ಹಾಗೆ ಬಾಗಿದ ಬೆನ್ನು.

“ಇವ್ರನ್ನ ಏನಂತ ಓದಿದ್ರಿ?”

ನೆನಪು ಮಾಡಿಕೊಳ್ಳಬೇಕಾಗಲಿಲ್ಲ. “ರಾಕ್ಷಸರು ಅಂತ.”

“ಅದನ್ನ ಬದಲಿಸ್ಬೇಕು ಅಂತ ಅನ್ನಿಸ್ಲಿಲ್ವಾ?”

ಅನ್ನಿಸಿರಲಿಲ್ಲ. ಲಿನನ್ ಕೋಣೆಯ ಮಾತು ಕೇಳಿದ ಮೇಲೂ ಅನ್ನಿಸಿರಲಿಲ್ಲ. ನಮ್ಮ ಹುಡುಗನ ಮಟ್ಟಿಗೆ ಸರಿಮಾಡಿ ಪುಟ ಮಗುಚಿದ್ದೆ. ಅವರು ಸಾಯುವಲ್ಲಿ ಮಗಳನ್ನು ನಗಿಸಲೆಂದು ಒಂದು ದನಿಯನ್ನೂ ಮಾಡುತ್ತಿದ್ದೆ. ಮೂರು ದಿನದಿಂದ ಒಳಗೆ ಕುದಿಯುತ್ತಿದ್ದದ್ದರಲ್ಲಿ ಇದು ಇರಲೇ ಇಲ್ಲ. ಗುರುವಾರ ಮೂವತ್ತೊಂದು ಸಂಚಿಕೆ ಓದಿದಾಗಲೂ ನನ್ನ ಕಣ್ಣು ಈ ಪುಟಗಳ ಮೇಲೆ ನಿಂತಿರಲಿಲ್ಲ.

ಇದನ್ನು ಶಾಲೆಗೆ ಒಯ್ಯುವುದು ಬೇಡ, ಪಕ್ಕದ ಮನೆಯವರ ಹತ್ತಿರ ರೇಷನ್ ಪುಸ್ತಕ ಇದ್ದರೆ ಕೇಳೋಣ ಎಂದಳು ಮಗಳು. ಎಲ್ಲವನ್ನೂ ಕೇಳುತ್ತಿದ್ದ ಮೊಮ್ಮಗಳು ರೇಷನ್ ಪುಸ್ತಕ ಆಗಲೇ ಆರು ಜನ ತರುತ್ತಿದ್ದಾರೆ ಎಂದಳು. ಕೋಟು ತೆಗೆದು ಕುರ್ಚಿಗೆ ಹಾಕಿದಳು. ಬರೆದಿಟ್ಟಿದ್ದ ಕಾರ್ಡುಗಳನ್ನು ಚೀಲದಿಂದ ತೆಗೆದು, ಧೈರ್ಯವಂತ ತಮ್ಮನ ಕಾರ್ಡನ್ನು ಎರಡು ತುಂಡು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, ಅಮ್ಮನಿಗೆ ಓದಿದ ಹಾಗೆ ಒಂದು ಪುಟ ತನಗೆ ಓದಿ ತೋರಿಸಬೇಕು ಎಂದಳು. ಏನು ಬದಲಾಯಿತೆಂದು ಅವಳಿಗೆ ನೋಡಬೇಕಿತ್ತು.

ಆಗುವುದಿಲ್ಲ ಎಂದೆ. ನಲವತ್ತಕ್ಕೂ ಹೆಚ್ಚು ವರ್ಷವಾಯಿತು ಎಂದೆ. ಜಲಾಂತರ್ಗಾಮಿಯ ಪುಟವನ್ನು ಅವಳೇ ತೆರೆದು ನನ್ನ ಮುಂದಿಟ್ಟಳು. ಕನ್ನಡಕ ಹಾಕಿಕೊಂಡೆ. ಮೊದಲ ಚೌಕದಲ್ಲಿ ನಾಲಗೆ ತಡವರಿಸಿತು, ಎರಡನೆಯದರಿಂದ ತಾನಾಗಿ ಬಂತು. “ತಮ್ಮಾ, ಆ ಹಗ್ಗವನ್ನು ಇತ್ತ ಕೊಡು.” ಅದರ ಮುಂದಿನ ಮಾತನ್ನು ನಾನು ಓದುವ ಮೊದಲೇ ಮಗಳು ಹೇಳಿದಳು. ಅವಳು ಪುಟವನ್ನು ನೋಡುತ್ತಲೂ ಇರಲಿಲ್ಲ, ಕಿಟಕಿಯ ಬಳಿ ನಮಗೆ ಬೆನ್ನು ಹಾಕಿ ನಿಂತಿದ್ದಳು. “ನಾನು ಹೊರುತ್ತೇನೆ ಅಣ್ಣಾ, ನನಗೆ ಹೆದರಿಕೆಯಿಲ್ಲ.” ಈಗ ಬೆಂಗಳೂರಿನವರಂತೆ ಮಾತಾಡುವ ಅವಳ ಬಾಯಲ್ಲಿ ಆ ಸಾಲು ನನ್ನ ಶಾಲೆಯ ಕನ್ನಡದಲ್ಲೇ ಬಂತು.

ಊಟ ಮುಗಿದ ಮೇಲೆ ಕೆಲಸ ಶುರುವಾಯಿತು. ನಾನು ಕನ್ನಡದಲ್ಲಿ ಓದುವುದು, ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಿ ಚೀಟಿಯ ಮೇಲೆ ಬರೆಯುವುದು. ಅಂಟು ತಂದು ಚೀಟಿಗಳನ್ನು ಚಿತ್ರದ ಮಾತುಗಳ ಮೇಲೆ ಅಂಟಿಸಲು ಹೊರಟಳು. ಬೇಡ ಎಂದೆ. ಅಚ್ಚಾದದ್ದು ಮುಚ್ಚಬಾರದು, ಪಕ್ಕದಲ್ಲಿಡು ಎಂದೆ. ದೊಡ್ಡ ಹಾಳೆಯ ಎಡಕ್ಕೆ ಪುಟದ ಪ್ರತಿ, ಬಲಕ್ಕೆ ಚೀಟಿಗಳು. ‘ಬಾಯ್’ ಎದುರಿಗೆ ‘ಲಿಟ್ಲ್ ಬ್ರದರ್’. ಜಪಾನಿ ಸೈನಿಕರ ಚೌಕವನ್ನೂ ಅವಳು ಬಿಡಲಿಲ್ಲ. ಅದರ ಬಲಕ್ಕೆ ಏನೂ ಬರೆಯದ ಒಂದು ಚೀಟಿ ಅಂಟಿಸಿ, ಇಲ್ಲಿ ಅಜ್ಜಿ ಏನನ್ನೂ ಬದಲಿಸಲಿಲ್ಲ ಎಂದು ಹೇಳುತ್ತೇನೆ ಎಂದಳು. ಮಗಳು ನನ್ನ ಮುಖ ನೋಡಿದಳು. ಹೇಳಲಿ ಎಂದೆ.

ಮಾತನ್ನು ಮೂರು ಸಲ ಅಭ್ಯಾಸ ಮಾಡಿಸಿದೆ, ಕೈಗಡಿಯಾರ ಹಿಡಿದು. ಮೊದಲ ಸಲ ನಾಲ್ಕು ನಿಮಿಷ ಹತ್ತು ಸೆಕೆಂಡು. ಜಲಾಂತರ್ಗಾಮಿಯ ವರ್ಣನೆ ತೆಗೆಸಿದೆ. ಮೂರನೆಯ ಸಲ ಎರಡು ನಿಮಿಷ ಐವತ್ತೈದು. ಸೋಮವಾರ ಯಾರಾದರೂ ‘ಮಿ ಕ್ಯಾರಿ’ ಎಂದು ಆಡಿಕೊಂಡರೆ ಏನು ಮಾಡುತ್ತೀ ಎಂದು ಮಗಳು ಕೇಳಿದಳು. ಗೊತ್ತಿಲ್ಲ ಎಂದಳು ಮಗು. ಮನೆಗೆ ಬಂದು ಹೇಳುತ್ತೀಯಾ ಎಂದು ನಾನು ಕೇಳಿದೆ. ಅದಕ್ಕೆ ಹೂಂ ಎಂದಳು.

ಕೊನೆಯ ಕಾರ್ಡು ಖಾಲಿ ಉಳಿದಿತ್ತು. ಬದಲಿಸಿದ್ದು ಯಾಕೆ ಎಂದು ಟೀಚರ್ ಕೇಳಿಯೇ ಕೇಳುತ್ತಾರೆ, ಅದು ತನಗೆ ಗೊತ್ತಿಲ್ಲ, ನೀವೇ ನಿಮ್ಮ ಕೈಯಲ್ಲಿ ಬರೆದುಕೊಡಿ ಎಂದು ಮೊಮ್ಮಗಳು ಪೆನ್ನು ಕೊಟ್ಟಳು. ಕನ್ನಡದಲ್ಲಿ ಬರೆದರೆ ಸಾಕು, ತಾನು ಇಂಗ್ಲಿಷಿನಲ್ಲಿ ಹೇಳುತ್ತೇನೆ ಎಂದಳು. ಬರೆದೆ, ಹೊಡೆದುಹಾಕಿದೆ. ಅವಳ ಅಮ್ಮನಿಗೋಸ್ಕರ ಎಂದು ಬರೆದದ್ದನ್ನೂ ಹೊಡೆದುಹಾಕಿದೆ, ಅದು ಪೂರ್ತಿ ನಿಜವಲ್ಲ. ಹೊರಗೆ ಮಗಳು ಆಗಲೇ ಕಾರು ತಿರುಗಿಸಿ ನಿಲ್ಲಿಸಿದ್ದಳು. ಹೊಸ ಕಾರ್ಡು ತೆಗೆದುಕೊಂಡು ನಿಂತುಕೊಂಡೇ ಬರೆದೆ: ‘ಆ ಹುಡುಗನನ್ನು ಹಾಗೆ ಕರೆಯಲು ನನಗೆ ಬಾಯಿ ಬರಲಿಲ್ಲ. ಬೇರೆಯವರನ್ನು ರಾಕ್ಷಸರು ಎನ್ನಲು ಬಂತು.’ ಸಹಿ ಹಾಕಿದೆ. ಮೊಮ್ಮಗಳು ನನ್ನೆದುರಿಗೇ ಅದನ್ನು ಇಂಗ್ಲಿಷಿನಲ್ಲಿ ಒಮ್ಮೆ ಹೇಳಿ ನೋಡಿ, ಸರಿಯಿದೆಯಾ ಎಂದು ಕೇಳಿ, ಉಳಿದ ಕಾರ್ಡುಗಳ ಕೆಳಗೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಆಗ ಐದು ಗಂಟೆ ಇಪ್ಪತ್ತು ನಿಮಿಷ.